‘ನನ್ನಿ’ ಎಂಬ ನಮ್ಮ ಹಳೆಯ ಮಾತು

ಇಂಗ್ಲಿಷಿನಲ್ಲಿ ಸದ್ಗುಣಕ್ಕೆ ‘ವರ್ಚೂ’ ಎಂಬ ಮಾತಿದೆ. ಪುಸ್ತಕಗಳಲ್ಲಿ, ಉಪದೇಶಗಳಲ್ಲಿ ಬಿಟ್ಟರೆ ಆಡುನುಡಿಯಲ್ಲಿ ಅದೀಗ ಅಪರೂಪ. ಅದರ ಮೂಲ ಲ್ಯಾಟಿನ್ನಿನ ‘ವಿರ್’, ಎಂದರೆ ಗಂಡಸು. ರೋಮನರಿಗೆ ಸದ್ಗುಣವೆಂದರೆ ಮೊದಲು ಗಂಡಸುತನ, ರಣದಲ್ಲಿ ಬೆನ್ನು ತೋರದ ಕೆಚ್ಚು. ಕಾಲಕ್ರಮದಲ್ಲಿ ಎಲ್ಲ ಒಳ್ಳೆಯ ಗುಣಗಳಿಗೂ ಆ ಹೆಸರಾಯಿತು. ಮುಂದೆ ಹೆಂಗಸರ ವಿಷಯದಲ್ಲಿ ಅದು ಪಾತಿವ್ರತ್ಯವೊಂದನ್ನೇ ಸೂಚಿಸತೊಡಗಿತು.

ಇದು ಪರರ ಮನೆಯ ಕಥೆಯೆಂದು ನಾವು ನಗುವಂತಿಲ್ಲ. ನಮ್ಮ ‘ಶೀಲ’ ಎಂಬ ಮಾತಿಗೂ ಇದೇ ಗತಿಯಾಗಿದೆ. ಶೀಲವೆಂದರೆ ಸ್ವಭಾವ, ನಡತೆ. ಗಂಡು ಹೆಣ್ಣೆನ್ನದೆ ಎಲ್ಲರಿಗೂ ಸಲ್ಲುವ ಗುಣ. ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ಬಾಳಿದ್ದು ಶೀಲವನ್ನು ಸಾಧಿಸುವುದಕ್ಕಾಗಿಯೇ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವ ಕನ್ನಡಿಗರು ಇನ್ನೊಂದು ಸಂಗತಿಯನ್ನೂ ನೆನೆಯಬಹುದು. ಅಲ್ಲಿರುವ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಅದೇ ನೃಪತುಂಗನ ಆಸ್ಥಾನದಲ್ಲಿ. ಅಷ್ಟು ವಿಶಾಲವಾಗಿದ್ದ ‘ಶೀಲ’ ಇಂದು ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಹೆಣ್ಣಿಗೆ ಮಾತ್ರ ಅಂಟಿದ ಪದವಾಗಿ ಉಳಿದಿದೆ. ಲಂಚ ತಿನ್ನುವ ಗಂಡಸನ್ನು ಯಾರೂ ಶೀಲಗೆಟ್ಟವನೆನ್ನುವುದಿಲ್ಲ!

ಅರ್ಥ ಕುಗ್ಗಿದ ಮಾತಿನ ಕಥೆ ಇದಾದರೆ, ಬಳಕೆಯಿಂದಲೇ ಮರೆಯಾದ ಒಂದು ಮಾತು ‘ನನ್ನಿ’. ನನ್ನಿ ಎಂದರೆ ಸತ್ಯ. ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಹೊರತಂದ ನಿಘಂಟಿನಲ್ಲಿ ಅದಕ್ಕೆ ಸ್ಥಾನವಿದೆ. ನಮ್ಮ ಮನೆಮಾತಿನಲ್ಲಿ ಇಲ್ಲ.

ಪಂಪ ಕ್ರಿ. ಶ. 941ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರಿಗೆ ಒಂದೊಂದು ಗುಣವನ್ನು ಹಂಚಿಕೊಡುತ್ತಾನೆ. ಛಲ ದುರ್ಯೋಧನನಿಗೆ, ಸಾಹಸ ಅರ್ಜುನನಿಗೆ, ‘ಗಂಡು’ ಎಂದರೆ ಪೌರುಷ ಭೀಮನಿಗೆ. ರೋಮನರ ‘ವಿರ್’ ಇಲ್ಲಿ ನಮಗೆ ನೆನಪಾಗದಿರದು. ಆದರೆ ಪಂಪನಿಗೆ ಗಂಡು ಹಲವು ಗುಣಗಳಲ್ಲಿ ಒಂದೇ ಹೊರತು ಎಲ್ಲಕ್ಕೂ ಹೆಸರಲ್ಲ. ಧರ್ಮ ಧರ್ಮರಾಯನಿಗೆ ಸಂದಿತು. ಹಾಗಾದರೆ ನನ್ನಿ ಯಾರಿಗೆ? ಸುಳ್ಳಾಡದವನೆಂದು ಹೆಸರಾದ ಧರ್ಮರಾಯನಿಗೇ ಎಂದು ವಾಚಕರು ಊಹಿಸಬಹುದು. ಪಂಪ ಅದನ್ನು ಕರ್ಣನಿಗೆ ಕೊಟ್ಟ!

ಇಲ್ಲಿಯೇ ಈ ಮಾತಿನ ತಿರುಳಿದೆ ಎಂದು ನನಗನ್ನಿಸುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುವುದು ಸತ್ಯ. ಆಡಿದ ಮಾತಿಗೆ, ಉಂಡ ಅನ್ನಕ್ಕೆ ಕಟ್ಟುಬಿದ್ದು ನಿಲ್ಲುವುದು ನನ್ನಿ. ಪಾಂಡವರು ನಿನ್ನ ತಮ್ಮಂದಿರು, ರಾಜ್ಯ ನಿನ್ನದು ಎಂದು ತಿಳಿದ ಮೇಲೂ ಕರ್ಣ ತನ್ನನ್ನು ಸಾಕಿದ ಒಡೆಯನನ್ನು ಬಿಡಲಿಲ್ಲ. ಗೆಲ್ಲುವ ಪಕ್ಷ ಯಾವುದೆಂದು ಬಲ್ಲವನು ಸೋಲುವ ಪಕ್ಷದಲ್ಲಿ ನಿಂತ.

ಇದು ಕಾವ್ಯದ ಮಾತು ಮಾತ್ರವಾಗಿರಲಿಲ್ಲ. ತಲಕಾಡಿನ ಗಂಗರಲ್ಲಿ ಹಲವರು ‘ಸತ್ಯವಾಕ್ಯ’ರೆನಿಸಿಕೊಂಡರು, ಇಮ್ಮಡಿ ಬೂತುಗ ಅಚ್ಚಗನ್ನಡದಲ್ಲಿ ‘ನನ್ನಿಯ ಗಂಗ’ನೆನಿಸಿಕೊಂಡ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ. ಶ. 949–50ರ ಶಾಸನ ಅವನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಆ ಕಲ್ಲು ಹೇಳುತ್ತದೆ. ರಾಚಮಲ್ಲನನ್ನು ಕೊಂದು ಅವನು ಗಂಗನಾಡನ್ನು ಪಡೆದುದನ್ನೂ ಮುಚ್ಚಿಡುವುದಿಲ್ಲ. ಆ ರಾಚಮಲ್ಲ ಬೂತುಗನ ಒಡಹುಟ್ಟಿದ ಅಣ್ಣ! ಬಿರುದಿಗೂ ಬಾಳಿಗೂ ಇರುವ ದೂರ ಅಂದೂ ಕಡಿಮೆಯಿರಲಿಲ್ಲ. ಅದೇ ಕಲ್ಲಿನಲ್ಲಿ ಮಣಲೇರನೆಂಬ ವೀರನ ಕಥೆಯೂ ಇದೆ. ಮೆಚ್ಚಿದ ಒಡೆಯನಿಂದ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಗೊರವನು ಉಣ್ಣಬಾರದೆಂದು ಕಟ್ಟು ಮಾಡಿದರು. ಅರಸನ ಬಿರುದಿಗಿಂತ ನಾಯಿಗೆ ಸಂದ ಈ ಋಣದಲ್ಲಿಯೇ ನನ್ನಿ ಹೆಚ್ಚಾಗಿ ಕಾಣುತ್ತದೆ.

ಬರಬರುತ್ತ ‘ಸತ್ಯ’ವೇ ಬಳಕೆಯಲ್ಲಿ ನಿಂತಿತು, ‘ನನ್ನಿ’ ಹಿಂದೆ ಸರಿಯಿತು. ಹೋದದ್ದು ಮಾತು, ಗುಣ ಹೋಯಿತೆನ್ನಲಾಗದು. ನಮ್ಮ ಹಿರಿಯರು ಈ ಮುಂಬಯಿಗೆ ಬಂದಾಗ ಅವರ ಕೈಯಲ್ಲಿ ಬಂಡವಾಳವೆಲ್ಲಿತ್ತು? “ಇವನು ನಮ್ಮೂರಿನ ಹುಡುಗ” ಎಂದು ಒಬ್ಬರು ಆಡಿದ ಮಾತೇ ಜಾಮೀನು. ಆ ಮಾತಿನ ಮೇಲೆ ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ಖೋಲಿಯಲ್ಲಿ ಚಾಪೆ ಹಾಸಲು ಜಾಗ ದೊರೆಯಿತು. ಹುಡುಗ ತಪ್ಪಿ ನಡೆದರೆ ತಲೆ ತಗ್ಗಿಸಬೇಕಾದವರು ಜಾಮೀನು ನಿಂತವರು. ಹೀಗೆ ಬಂದವರೇ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದರು, ಊರಿಗೆ ಮನಿಯಾರ್ಡರು ಕಳುಹಿಸಿದರು, ಸಂಘಗಳನ್ನು ಕಟ್ಟಿದರು. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು.

ಇಂದು ಜಾಮೀನಿಗೆ ಕಾಗದಪತ್ರಗಳಿವೆ, ಬ್ಯಾಂಕುಗಳಿವೆ. ಅದು ಒಳ್ಳೆಯದೇ; ಕೇವಲ ಮಾತನ್ನು ನಂಬಿ ಮೋಸಹೋದವರೂ ನಮ್ಮಲ್ಲಿ ಕಡಿಮೆಯಲ್ಲ. ಆದರೆ ಕಾಗದವಿಲ್ಲದೆ ಕೊಟ್ಟ ಮಾತುಗಳು ಈಗಲೂ ಉಳಿದಿವೆ: ಊರಿನಲ್ಲಿ ಬಿಟ್ಟುಬಂದ ತಾಯಿಗೆ ಹೇಳಿದ್ದು, ಕಷ್ಟಕಾಲದಲ್ಲಿ ನೆರವಾದ ನೆರೆಯವರಿಗೆ ಹೇಳಿದ್ದು. ಇಂಗ್ಲಿಷ್ ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ‘ವರ್ಚೂ’ ಎಂದರೇನು ಎಂದು ಕೇಳಿದರೆ ಕರ್ಣನ ಕಥೆ ಹೇಳೋಣ. ಜೊತೆಗೆ ಇದಕ್ಕೆ ಕನ್ನಡದಲ್ಲಿ ನನ್ನಿ ಎಂಬ ಎರಡಕ್ಷರದ ಮಾತಿತ್ತೆಂದು ತಿಳಿಸೋಣ. ಉಳಿದದ್ದನ್ನು ಅವರು ನಮ್ಮ ನಡತೆಯನ್ನು ನೋಡಿ ಕಲಿಯುತ್ತಾರೆ.