ಕೊಟ್ಟಿಗೆಯ ಕಂಬವೂ ಮುಂಬಯಿಯ ಮರದ ಮನೆಯೂ

ಮುಂಬಯಿಯ ವಾಸ್ತುವನ್ನು ಕುರಿತು ಬರೆದವರು ಬಹುಮಟ್ಟಿಗೆ ಕಲ್ಲಿನ ಕಟ್ಟಡಗಳನ್ನೇ ಕೊಂಡಾಡಿದ್ದಾರೆ. ಉಚ್ಚ ನ್ಯಾಯಾಲಯ, ವಿಶ್ವವಿದ್ಯಾಲಯ, ಬೋರಿಬಂದರದ ರೈಲು ನಿಲ್ದಾಣ ಇವು ಆ ಪ್ರಶಂಸೆಗೆ ಅರ್ಹವೇ ಆಗಿವೆ. ಆದರೆ ಗಿರಗಾಂವ, ಭುಲೇಶ್ವರ, ಕಾಲಬಾದೇವಿಗಳಲ್ಲಿ ಸಾಮಾನ್ಯ ಜನರು ತಲೆಮಾರುಗಳ ಕಾಲ ಬಾಳಿದ ಎಷ್ಟೋ ಮನೆಗಳ ಒಡಲು ಮರದ್ದು. ಅವುಗಳ ರಚನೆಯನ್ನು ಅರಿಯಲು ಕನ್ನಡ ಕರಾವಳಿಯ ಬೇಸಾಯಗಾರನ ಕೊಟ್ಟಿಗೆಯನ್ನು ಮೊದಲು ನೋಡುವುದು ಉಚಿತ.

ಕೊಟ್ಟಿಗೆಯು ದನಗಳ ನೆಲೆ. ಅದರ ಅಟ್ಟವು ಬೈಹುಲ್ಲಿನ ಭಂಡಾರ. ಮುರಕಲ್ಲಿನ ಅಡಿಪಾಯದ ಮೇಲೆ ಚಪ್ಪಡಿಗಳನ್ನಿರಿಸಿ, ಅವುಗಳ ಮೇಲೆ ಕಂಬಗಳನ್ನು ನಿಲ್ಲಿಸುತ್ತಿದ್ದರು. ಮರವು ನೆಲವನ್ನು ಮುಟ್ಟದಿದ್ದುದರಿಂದ ಗೆದ್ದಲೂ ತೇವವೂ ಸುಲಭವಾಗಿ ಏರುತ್ತಿರಲಿಲ್ಲ. ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಂಬದಲ್ಲಿ ಕೊರೆದ ಕುಳಿಗೆ ಸೇರಿಸಿ, ಮರದ ಬೆಣೆಯನ್ನು ಬಡಿದು ಬಿಗಿಯುತ್ತಿದ್ದರು. ತೊಲೆಗಳ ಮೇಲೆ ಜಂತಿ, ಮಾಡಿಗೆ ಪಕ್ಕಾಸು, ಅವುಗಳ ಮೇಲೆ ಅಡಕೆಮರದ ಸೀಳುಗಳ ರೀಪು. ಹೊದಿಕೆಗೆ ಹುಲ್ಲು ಅಥವಾ ಹಂಚು. ಗೋಡೆಯು ಅರ್ಧಕ್ಕೇ ನಿಲ್ಲುತ್ತಿದ್ದುದೂ ಉಂಟು, ಕೆಲವೆಡೆ ಇಲ್ಲದಿದ್ದುದೂ ಉಂಟು. ಭಾರವನ್ನು ಹೊರುವುದು ಮರ. ಗೋಡೆಯು ಕೇವಲ ಮರೆ. ಒಂದು ಕಂಬವು ಶಿಥಿಲವಾದರೆ ಪಕ್ಕದಲ್ಲಿ ಊರೆಗೋಲು ಕೊಟ್ಟು ಅದೊಂದನ್ನೇ ಬದಲಿಸಬಹುದಾಗಿತ್ತು. ಈ ತತ್ತ್ವವೇ ನಮ್ಮ ವಿಚಾರದ ಕೇಂದ್ರ.

ಇನ್ನು ಮುಂಬಯಿಯತ್ತ ತಿರುಗೋಣ. ಈಗ ಉಪನಗರಗಳಾಗಿರುವ ಸಾಷ್ಟಿ ದ್ವೀಪದ ಊರುಗಳು ಹಿಂದೆ ಭತ್ತದ ಬಯಲುಗಳಾಗಿದ್ದವು. 1534ರಿಂದ ಪೋರ್ತುಗೀಜರ ವಶದಲ್ಲಿದ್ದು, 1739ರಲ್ಲಿ ಮರಾಠರಿಗೂ 1774ರಲ್ಲಿ ಇಂಗ್ಲಿಷರಿಗೂ ಕೈಸೇರಿದ ಈ ನೆಲದಲ್ಲಿ ಆಳುವವರು ಬದಲಾದರೂ ಮಳೆಗಾಲ ಬದಲಾಗಲಿಲ್ಲ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ, ಮಂಗಳೂರಿನಲ್ಲಿ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಅದರ ಬಹುಭಾಗ ನಾಲ್ಕೇ ತಿಂಗಳುಗಳಲ್ಲಿ. ಆದುದರಿಂದ ಎರಡೂ ಕಡೆ ಇಳಿಜಾರು ಮಾಡು, ಮುಂಚಾಚಿದ ಸೂರು, ಮುಂದೆ ಜಗಲಿ, ಮೇಲೆ ಅಟ್ಟ ಕಾಣಬರುತ್ತವೆ. ಒಂದು ಇನ್ನೊಂದರಿಂದ ಬಂದಿತೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಒಂದೇ ಕಾರಣಕ್ಕೆ ಒಂದೇ ಬಗೆಯ ಪರಿಹಾರ ದೊರೆಯಿತೆಂಬುದಷ್ಟೇ ಅಭಿಪ್ರಾಯ. ಗಿರಗಾಂವದ ಖೋತಾಚಿ ವಾಡಿಯಲ್ಲಿ ಉಳಿದಿರುವ ಮನೆಗಳ ಮರದ ಮೊಗಸಾಲೆಗಳಲ್ಲಿಯೂ ಹೊರಮೆಟ್ಟಿಲುಗಳಲ್ಲಿಯೂ ಈ ಹಳ್ಳಿಯ ಕ್ರಮವನ್ನು ಇಂದಿಗೂ ಗುರುತಿಸಬಹುದು.

ಮರವು ಎಲ್ಲಿಂದ ಬಂದಿತು? ಮುಂಬಯಿಯ ಹಡಗುಕಟ್ಟೆಯ ಇತಿಹಾಸವು ಇದಕ್ಕೆ ಬೆಳಕು ಕೊಡುತ್ತದೆ. 1736ರಲ್ಲಿ ಸೂರತ್ತಿನಿಂದ ಬಂದ ಲವಜಿ ನಸರವಾನಜಿ ವಾಡಿಯಾ ಮತ್ತು ಅವರ ವಂಶಸ್ಥರು ಇಲ್ಲಿ ತೇಗದ ಹಡಗುಗಳನ್ನು ಕಟ್ಟಿದರು. 1817ರಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿರುವುದು ಆ ತೇಗದ ಬಾಳಿಕೆಗೆ ಸಾಕ್ಷಿ. ಈ ಬೇಡಿಕೆಯ ಭಾರವು ಪಶ್ಚಿಮಘಟ್ಟದ ಕಾಡುಗಳ ಮೇಲೆ ಬಿದ್ದಿತು. 1806ರಲ್ಲಿ ಮಲಬಾರಿನ ತೇಗಕ್ಕಾಗಿ ಕ್ಯಾಪ್ಟನ್ ವಾಟ್ಸನ್ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು. 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಅಲೆಗ್ಸಾಂಡರ್ ಗಿಬ್ಸನ್ ಬಂದನು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾಳೀನದಿಯ ಕಾಡುಗಳು ಇದೇ ಆಡಳಿತದ ಕೆಳಗೆ ಬಂದವು. 1863ರಲ್ಲಿ ಮುಂಬಯಿ–ಬರ್ಮಾ ವ್ಯಾಪಾರ ಸಂಸ್ಥೆ ಹುಟ್ಟಿ, ಬರ್ಮಾದ ತೇಗವೂ ನಗರದಲ್ಲಿ ನೆಲೆಯೂರಿತು. ಆದುದರಿಂದ ಹಳೆಯ ಮನೆಗಳ ಮರವನ್ನೆಲ್ಲ ಬರ್ಮಾದ್ದೆಂದು ಎಣಿಸುವುದು ಅವಿಚಾರವೇ ಸರಿ. ಮಾಡಿನ ವಿಷಯದಲ್ಲಿಯೂ ಕರಾವಳಿಯ ನಂಟು ಸ್ಪಷ್ಟವಾಗಿದೆ: 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಅಲ್ಲಿಯ ಹಂಚು ಮುಂಬಯಿಯ ಮಾಡುಗಳನ್ನೂ ಹೊದಿಸಿತು.

1896ರ ಪ್ಲೇಗಿನ ತರುವಾಯ ಹಳೆಯ ಕೇರಿಗಳು ರೋಗದ ತವರೆನಿಸಿದವು. 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಲಿಯು ಅನೇಕ ಕೇರಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ತೆಗೆಯಿತು. 1969ರ ಕಾಯಿದೆಯು ಹಳೆಯ ಬಾಡಿಗೆ ಕಟ್ಟಡಗಳ ಮೇಲೆ ಉಪಕರವನ್ನು ವಿಧಿಸಿ, ಅವುಗಳ ದುರಸ್ತಿಯ ಹೊಣೆಯನ್ನು ಸರಕಾರಿ ಮಂಡಲಿಗೆ ವಹಿಸಿತು. ಉದ್ದೇಶವು ಸ್ತುತ್ಯವಾದುದೇ. ಆದರೆ ಮರವು ಹೊರುತ್ತದೆ, ಗೋಡೆ ಮರೆಮಾಡುತ್ತದೆ ಎಂಬ ತತ್ತ್ವವನ್ನು ಮರೆತ ದುರಸ್ತಿಯು ಕೇಡನ್ನೇ ತರುತ್ತದೆ. ಸಿಮೆಂಟಿನ ಗಿಲಾವು ತೊಲೆಯ ತುದಿಯನ್ನು ಮುಚ್ಚಿದರೆ ಒಳಹೊಕ್ಕ ನೀರು ಹೊರಬರಲಾರದು. ಮರವು ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಹೊರಗೋಡೆ ನುಣುಪಾಗಿರುವಾಗಲೇ ಒಳಗಿನ ಆಧಾರ ಕಳಚಿರುತ್ತದೆ.

ಹಳೆಯ ಮನೆಗಳಲ್ಲಿ ವಾಸಿಸುವವರ ಭಯವು ನಿರಾಧಾರವಾದುದಲ್ಲ. 2017ರ ಆಗಸ್ಟ್ 31ರಂದು ಭೇಂಡಿಬಜಾರಿನ ಹಳೆಯ ಕಟ್ಟಡವೊಂದು ಕುಸಿದು 30ಕ್ಕೂ ಮಿಕ್ಕ ಜನರು ಮಡಿದರು. ಮನುಷ್ಯರ ಪ್ರಾಣಕ್ಕಿಂತ ಮರವು ಹಿರಿದೆಂದು ಯಾರೂ ಹೇಳಲಾರರು. ಆದಾಗ್ಯೂ ಕೆಡಹುವುದು ಅನಿವಾರ್ಯವೆಂದು ನಿರ್ಣಯಿಸುವ ಮುನ್ನ ಗಿಲಾವನ್ನು ಕೆದಕಿ ಕಂಬ ತೊಲೆಗಳನ್ನು ಪರೀಕ್ಷಿಸುವುದು, ಕೆಡಹಲೇಬೇಕಾದಲ್ಲಿ ಕೂಡಿಕೆಗಳನ್ನು ಅಳೆದು ಚಿತ್ರಿಸಿಡುವುದು, ಇವೆರಡೂ ಅತ್ಯಗತ್ಯ. ಕೊಟ್ಟಿಗೆಯ ಕಂಬವನ್ನು ವರ್ಷವರ್ಷವೂ ತಟ್ಟಿ ನೋಡುತ್ತಿದ್ದ ಬೇಸಾಯಗಾರನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆತನ ಮಕ್ಕಳು ಮೊಮ್ಮಕ್ಕಳು ನೆಲೆಸಿರುವ ಈ ನಗರದಲ್ಲಿ ಆ ಕೆಲಸವನ್ನು ಕನ್ನಡಿಗರು ತಮ್ಮದೆಂದು ಕೈಗೊಳ್ಳುವುದು ಯೋಗ್ಯವಾಗಿದೆ.