ಆನ್‌ಲೈನ್ ನೋಂದಣಿ: ಆಸ್ತಿ ನಿಮ್ಮದು, ಹೆಬ್ಬೆಟ್ಟೂ ನಿಮ್ಮದೇ ಇರಲಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಹಿರಿಯರು ಮಾತ್ರ ಇದ್ದಾರೆ. ಮಕ್ಕಳು ಮೈಸೂರು, ಬೆಂಗಳೂರು ಸೇರಿದ್ದಾರೆ. ಊರಿನ ಸೈಟು, ಮಳಿಗೆ, ತೋಟ ನೋಡುವವರಿಲ್ಲದೆ ಬಿದ್ದಿರುತ್ತವೆ. ಮೋಸಗಾರರು ಹುಡುಕುವುದು ಇಂಥ ಆಸ್ತಿಯನ್ನೇ.

2023ರಲ್ಲಿ ಕಾವೇರಿ 2.0 ಬಂದ ಮೇಲೆ ಕ್ರಯಪತ್ರದ ಕರಡನ್ನು ಮನೆಯಿಂದಲೇ ಅಪ್‌ಲೋಡ್ ಮಾಡಬಹುದು. ಉಪನೋಂದಣಾಧಿಕಾರಿ ಪರಿಶೀಲಿಸಿದ ನಂತರ ಶುಲ್ಕ ಕಟ್ಟಿ, ಫೋಟೊ ಮತ್ತು ಹೆಬ್ಬೆಟ್ಟು ಕೊಡಲು ಮಾತ್ರ ಕಚೇರಿಗೆ ಹೋದರೆ ಸಾಕು. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಗುಂಡ್ಲುಪೇಟೆ ಸೈಟನ್ನು ಕೊಳ್ಳೇಗಾಲದಲ್ಲಿ ಬರೆದುಕೊಡಬಹುದು. ಅನುಕೂಲವೇ, ಇಲ್ಲ ಎನ್ನುವುದಿಲ್ಲ. ಆದರೆ ಮೊದಲು ಕಚೇರಿ ಮುಂದೆ ಕೂತ ಪತ್ರ ಬರಹಗಾರರಿಗೆ ಯಾವ ಜಾಗ ಯಾರದು ಎಂದು ಗೊತ್ತಿರುತ್ತಿತ್ತು. "ಅವರು ಮಾರ್ತಿದಾರಾ? ನಿನ್ನೆ ಸಿಕ್ಕಿದ್ರು, ಹೇಳಲೇ ಇಲ್ಲ" ಎಂದು ಒಬ್ಬರಾದರೂ ಕೇಳುತ್ತಿದ್ದರು. ಕಂಪ್ಯೂಟರು ಹಾಗೆ ಕೇಳುವುದಿಲ್ಲ.

ಆದ್ದರಿಂದ ಮಾಲೀಕರೇ ಕಣ್ಣಿಟ್ಟಿರಬೇಕು. ಋಣಭಾರ ಪತ್ರ, ಅಂದರೆ ಇ.ಸಿ.ಯನ್ನು ಕೊಳ್ಳುವವರು ತೆಗೆಸುವುದು ವಾಡಿಕೆ. ಮಾರುವ ಯೋಚನೆ ಇಲ್ಲದವರೂ ಯುಗಾದಿಗೊಮ್ಮೆ, ದೀಪಾವಳಿಯಲ್ಲಿ ಲೆಕ್ಕದ ಪುಸ್ತಕ ಬದಲಿಸುವಾಗ ಒಮ್ಮೆ ತಮ್ಮ ಆಸ್ತಿಯ ಇ.ಸಿ. ತೆಗೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಜಮೀನಾದರೆ ಪಹಣಿ ಮತ್ತು ಮ್ಯುಟೇಶನ್, ಗ್ರಾಮ ಪಂಚಾಯಿತಿ ಸೈಟಾದರೆ ಇ-ಸ್ವತ್ತು ನಮೂನೆ 9 ಮತ್ತು 11 ಕೂಡ ನೋಡಿ. ಚಕ್ಕುಬಂದಿಯನ್ನು ಮೂಲ ಪತ್ರದೊಂದಿಗೆ ತಾಳೆ ಹಾಕಿ. ನೋಂದಣಿಯಾಗದ ಕರಾರು, ಕೋರ್ಟಿನ ದಾವೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಕೊಳ್ಳುವವರು ಅದನ್ನು ಅಕ್ಕಪಕ್ಕದವರಲ್ಲಿ, ವಕೀಲರಲ್ಲಿ ವಿಚಾರಿಸಲೇಬೇಕು.

ಇನ್ನೊಂದು ತಪ್ಪು ನಾವೇ ಮಾಡುವುದು. "ನೀವೇ ನೋಡ್ಕೊಳ್ಳಿ" ಎಂದು ಬ್ರೋಕರ್ ಮೊಬೈಲ್ ನಂಬರನ್ನೇ ಅರ್ಜಿಯಲ್ಲಿ ಹಾಕಿಸುತ್ತೇವೆ. ಆಮೇಲೆ ಒಟಿಪಿ, ಸಂದೇಶ ಎಲ್ಲ ಅವರಿಗೇ ಹೋಗುತ್ತದೆ. ನಂಬರು ನಿಮ್ಮದೇ ಇರಲಿ, ಶುಲ್ಕವನ್ನು ಕಾವೇರಿಯ ಮೂಲಕವೇ ಕಟ್ಟಿ.

ಈಗ ಹೆಬ್ಬೆಟ್ಟಿನ ವಿಷಯ. ನೋಂದಾಯಿತ ಪತ್ರಗಳ ಪ್ರತಿ ತೆಗೆದು, ಅದರಲ್ಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕ್ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಸರ್ಕಾರ ಕ್ರಮ ತೆಗೆದುಕೊಂಡಿತು. ಅದಕ್ಕೂ ಮೊದಲು ಹೊರಗೆ ಹೋದ ಪ್ರತಿಗಳು ಯಾರ ಕೈಯಲ್ಲಿವೆಯೋ.

ನಮ್ಮ ಭಾವನವರು ಮಳಿಗೆ ಮಾರಿದ ಕೆಲವು ತಿಂಗಳಿಗೆ ಖಾತೆಯಿಂದ ಎರಡು ಸಲ ಹತ್ತತ್ತು ಸಾವಿರ ಹೋಯಿತು. ಬೆರಳಚ್ಚಿನಲ್ಲೇ ಹಣ ಎತ್ತಿದ್ದರಿಂದ ಒಟಿಪಿ ಬರಲಿಲ್ಲ. ಎಲ್ಲಿಂದ ಸೋರಿತೋ ಇವತ್ತಿಗೂ ಗೊತ್ತಿಲ್ಲ. ಬ್ಯಾಂಕಿನ ಸಂದೇಶ ಮಗನ ಫೋನಿಗೆ ಹೋಗುತ್ತಿತ್ತು, ಅವನು ನೋಡಿರಲಿಲ್ಲ. ಪಾಸ್‌ಬುಕ್ ಹಾಕಿಸಿದಾಗ ಹನ್ನೆರಡು ದಿನ ಕಳೆದಿತ್ತು. ಇಂಥ ಮೋಸವನ್ನು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟ ಬೀಳದು ಎಂಬ ರಿಸರ್ವ್ ಬ್ಯಾಂಕ್ ನಿಯಮ 2017ರಿಂದಲೇ ಇದೆ. ಗೊತ್ತಾದ ಕೂಡಲೇ 1930ಕ್ಕೂ ಕರೆ ಮಾಡಿ.

ಮುಕ್ತಿಯಾರು ಪತ್ರ, ಅಂದರೆ ಜಿಪಿಎ ತೋರಿಸಿ ಮಾರುವವರಿದ್ದರೆ ಬರೆದುಕೊಟ್ಟವರೊಂದಿಗೆ ನೇರವಾಗಿ ಮಾತಾಡಿ. ಅವರು ತೀರಿಕೊಂಡಿದ್ದರೆ ಸಾಮಾನ್ಯವಾಗಿ ಆ ಪತ್ರ ನಡೆಯುವುದಿಲ್ಲ. ನಿಮ್ಮ ಆಸ್ತಿಯೇ ನಕಲಿ ದಾಖಲೆಯಲ್ಲಿ ಮಾರಾಟವಾಗಿದ್ದರೆ ಪೊಲೀಸರ ಜೊತೆಗೆ ಜಿಲ್ಲಾ ನೋಂದಣಾಧಿಕಾರಿಗೂ ಲಿಖಿತ ದೂರು ಕೊಡಿ. ಅಂಥ ನೋಂದಣಿ ರದ್ದುಮಾಡುವ ಅಧಿಕಾರವನ್ನು ಅವರಿಗೆ ಕೊಡುವ ತಿದ್ದುಪಡಿಯನ್ನು ವಿಧಾನಮಂಡಲ 2023ರಲ್ಲಿ ಒಪ್ಪಿದೆ.

ಬೆರಳಚ್ಚು ಲಾಕ್ ಮಾಡುವುದು ಉಚಿತ. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಒತ್ತಿದರಾಯಿತು, ಮೊಬೈಲ್ ನಂಬರು ಆಧಾರ್‌ಗೆ ಜೋಡಣೆಯಾಗಿರಬೇಕು ಅಷ್ಟೆ. ಭಾವನವರು ಲಾಕ್ ಮಾಡಿ ಮರೆತಿದ್ದರು. ಪಡಿತರ ಅಂಗಡಿಯಲ್ಲಿ ಬೆರಳು ಒಪ್ಪದೆ ವಾಪಸ್ ಬಂದರು. ಹೊರಡುವ ಮುಂಚೆ ಅದೇ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆಯಬೇಕು.