ಬೇಟೆ ಬಂದೂಕಿನ ಸ್ಕೋಪ್

ಗುರಿಯನ್ನು ಹಿಗ್ಗಿಸಿ ತೋರಿಸಲು ಬಂದೂಕಿನ ಮೇಲೆ ಕೂರಿಸುವ ದೂರದರ್ಶಕ. ದಟ್ಟ ಕಾಡಿನಲ್ಲಿ ಹತ್ತಿರದ ಗುರಿಗೆ 1ರಿಂದ 4 ಪಟ್ಟು ಹಿಗ್ಗಿಸುವ, ವಿಶಾಲ ನೋಟದ ಸ್ಕೋಪ್ ಸೂಕ್ತ. ಬಯಲಿಗೆ 3–9 ಪಟ್ಟಿನದು ರೂಢಿ. ಹಿನ್ನೊದೆತ ಜೋರಾಗಿರುವ ರೈಫಲ್‌ನಲ್ಲಿ ಕಣ್ಣಿಗೂ ಮಸೂರಕ್ಕೂ ಸುಮಾರು 9–10 ಸೆಂ.ಮೀ. ಅಂತರವಿರಬೇಕು. ಚರೆ ಹಾರಿಸುವ ಷಾಟ್‌ಗನ್‌ಗೆ ಸ್ಕೋಪ್ ಬೇಕಿಲ್ಲ. ಒಂಟಿಗುಂಡು ಹೊಡೆಯುವಾಗ ಉಪಯುಕ್ತ.

ಎಲ್ಲ ರೈಫಲ್‌ಗೂ ಸ್ಕೋಪ್ ಸುಲಭವಾಗಿ ಒಗ್ಗದು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ (1910–1974) ಬಳಸುತ್ತಿದ್ದುದು .405 ವಿಂಚೆಸ್ಟರ್, 1895ರ ಮಾದರಿಯ ರೈಫಲ್. ಇದು ಖಾಲಿ ತೋಟಾವನ್ನು ಮೇಲಕ್ಕೆ ಎಸೆಯುವುದರಿಂದ ನೆತ್ತಿಯ ಮೇಲೆ ಸ್ಕೋಪ್ ಕೂರಿಸುವುದು ಕಷ್ಟ. ರಾತ್ರಿ ಮಚಾನಿನಲ್ಲಿ ರೈಫಲ್‌ಗೆ ಬಿಗಿದ ಟಾರ್ಚೇ ಅವರಿಗೆ ಆಧಾರ. ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಭಾರತದಲ್ಲಿ ಮೋಜಿನ ಬೇಟೆಗೆ ಬಿಗಿ ಕಡಿವಾಣ ಹಾಕಿತು.